ಗಂಡ-ಹೆಂಡತಿ ಪೋಸ್ಟುಗಳು ಯಾಕೆ ಹೀಗೆ ಓಡುತ್ತವೆ? (ನನ್ನ ಚಹಾ ಪೋಸ್ಟಿನ ಕಥೆ)

ಡೊಂಬಿವಲಿ_ಫಾಸ್ಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ತಿನ್ನುತ್ತಿದೆ. ಇಲ್ಲಿ ಕೇಳಿದರೆ ಯಾರಾದರೂ ಮುಖ ನೋಡದೆ ಹೇಳುತ್ತೀರಿ ಅಂತ ಬರೆಯುತ್ತಿದ್ದೇನೆ.

ನಾನು ಇನ್‌ಸ್ಟಾಗ್ರಾಮಿನಲ್ಲಿ ಸಣ್ಣದೊಂದು ಕನ್ನಡ ಪೇಜ್ ನಡೆಸುತ್ತೇನೆ. ಗಂಡ-ಹೆಂಡತಿ, ಅತ್ತೆ-ಸೊಸೆ, ಮದುವೆಗೆ ಮುಂಚಿನ ಮಾತುಕತೆ, ಇಂಥವು. ಓದಿದ್ದು ಸೈಕಾಲಜಿ, ಹೊಟ್ಟೆಪಾಡಿನ ಕೆಲಸ ಬೇರೆ. ಕಳೆದ ತಿಂಗಳು ನಾಲ್ಕು ಸಂಜೆ ಕೂತು ಒಂದು ಪೋಸ್ಟ್ ಮಾಡಿದೆ. ಇಬ್ಬರೂ ದುಡಿಯುವ ಮನೆಯಲ್ಲಿ ದುಡ್ಡಿನ ಮಾತು ಹೇಗೆ ಎತ್ತಬೇಕು, ಮನೆ ಸಾಲದ ಇಎಂಐ ಯಾರ ಖಾತೆಯಿಂದ ಹೋಗಬೇಕು, ಊರಲ್ಲಿರುವ ಅಪ್ಪ-ಅಮ್ಮನಿಗೆ ಕಳಿಸುವ ದುಡ್ಡನ್ನು ಮುಚ್ಚಿಡದೆ ಹೇಗೆ ಹೇಳಬೇಕು. ಹತ್ತು ಸ್ಲೈಡ್. ನೋಡಿದವರು 340 ಜನ. ಅದರಲ್ಲಿ ನನ್ನ ತಂಗಿಯೇ ಮೂರು ಸಲ ನೋಡಿದ್ದಾಳೆ.

ಆಮೇಲೆ ಒಂದು ರಾತ್ರಿ ಮುಂಬೈಯ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಫೋನ್. ಪಕ್ಕದಲ್ಲಿ ಒಬ್ಬಳು ಬ್ಯಾಗಿನ ಮೇಲೆ ಪ್ಲಾಸ್ಟಿಕ್ ಹರಡಿಕೊಂಡು ಗವಾರ್ (ಗೋರಿಕಾಯಿ) ಮುರಿಯುತ್ತಿದ್ದಳು, ಮನೆಗೆ ಹೋಗಿ ಪಲ್ಯ ಮಾಡಬೇಕಲ್ಲ. ಘಾಟ್ಕೋಪರ್ ಬಿಟ್ಟು ಠಾಣೆ ಬರುವಷ್ಟರಲ್ಲಿ ಎರಡು ಸಾಲು ಟೈಪ್ ಮಾಡಿ ಹಳದಿ ಬಣ್ಣದ ಮೇಲೆ ಹಾಕಿಬಿಟ್ಟೆ.

"ಅವನು ಮನೆಗೆ ಬಂದರೆ ಚಹಾ ಕಾಯುತ್ತಿರುತ್ತದೆ.
ಅವಳು ಮನೆಗೆ ಬಂದರೆ ಗ್ಯಾಸ್ ಕಾಯುತ್ತಿರುತ್ತದೆ."

ಅಷ್ಟೇ. ಮೂರು ದಿನದಲ್ಲಿ 4 ಲಕ್ಷ ಜನ ನೋಡಿದರು. ಕಾಮೆಂಟಿನಲ್ಲಿ ಗಂಡಸರು "ನಾವೇನು ವಿಮಾನದಲ್ಲಿ ಬರ್ತೀವಾ, ನಾವೂ ಬಾಗಿಲಲ್ಲಿ ನೇತಾಡ್ಕೊಂಡೇ ಬರೋದು" ಅಂತ ಶುರು ಮಾಡಿದರು, ಹೆಂಗಸರು ಬಿಡಲಿಲ್ಲ. ಎಲ್ಲಕ್ಕಿಂತ ಮೇಲೆ, ನನ್ನ ಸ್ವಂತ ಅತ್ತೆ ಅದರ ಸ್ಕ್ರೀನ್‌ಶಾಟನ್ನು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದರು, ಮೇಲೆ ತುಂಬಾ ಸಲ ಫಾರ್ವರ್ಡ್ ಆಗಿದೆ ಅನ್ನುವ ಆ ಎರಡು ಬಾಣದ ಗುರುತು ಬೇರೆ. ಬರೆದವಳು ಪಕ್ಕದ ರೂಮಿನಲ್ಲಿ ಇದ್ದಾಳೆ ಅಂತ ಅವರಿಗೆ ಗೊತ್ತಿಲ್ಲ.

ಪ್ರಶ್ನೆ ಏನಂದರೆ, ಇದು ಸಲಹೆಯೇ ಅಲ್ಲ. ಹೀಗೆ ಮಾಡಿ ಅಂತ ಒಂದು ಮಾತೂ ಇಲ್ಲ. ಆದರೂ ಯಾಕೆ ಓಡಿತು? ಇನ್ನೊಂದು, ಈಗ ದಿನಾ ಮೆಸೇಜ್ ಬರುತ್ತವೆ. "ನನ್ನ ಗಂಡನೂ ಹೀಗೇ, ಬಿಟ್ಟುಬಿಡಲಾ?" ಅಂತ. ಎರಡು ಸಾಲು ಬರೆದವಳನ್ನು ಇಂಥದ್ದು ಕೇಳುತ್ತಾರಲ್ಲ, ನಿಜ ಹೇಳಬೇಕೆಂದರೆ ಹೆದರಿಕೆ ಆಗುತ್ತಿದೆ.

ಲೋವರ್_ಪರೇಲ್_ಲಂಚ್_ಬ್ರೇಕ್:

ಹತ್ತು ವರ್ಷದಿಂದ ಬೇರೆಯವರ ಪೇಜ್ ನಡೆಸಿಯೇ ಬದುಕುತ್ತಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ. ನಿಮ್ಮ ಇಎಂಐ ಪೋಸ್ಟ್ ಚೆನ್ನಾಗಿಯೇ ಇರುತ್ತದೆ. ಆದರೆ ಅಂಥದ್ದನ್ನು ಜನ ಸೇವ್ ಮಾಡಿ ಮರೆಯುತ್ತಾರೆ. ಚಹಾ ಪೋಸ್ಟನ್ನು ಇನ್ನೊಬ್ಬರಿಗೆ ಕಳಿಸುತ್ತಾರೆ. ವ್ಯತ್ಯಾಸ ಇರುವುದೇ ಅಲ್ಲಿ. ಇನ್‌ಸ್ಟಾಗ್ರಾಮಿನ ಮುಖ್ಯಸ್ಥ ಆಡಮ್ ಮೊಸ್ಸೆರಿಯೇ ಹೇಳಿದ್ದಾರೆ, ನಿಮ್ಮನ್ನು ಫಾಲೋ ಮಾಡದವರ ತನಕ ಪೋಸ್ಟ್ ಹೋಗಬೇಕಾದರೆ ಎಷ್ಟು ಜನ ಅದನ್ನು ಇನ್ನೊಬ್ಬರಿಗೆ ಕಳಿಸಿದರು ಅನ್ನುವುದಕ್ಕೆ ದೊಡ್ಡ ತೂಕ ಇದೆ ಅಂತ.

ಈಗ ಯೋಚನೆ ಮಾಡಿ, ಯಾರಿಗೆ ಕಳಿಸುತ್ತಾರೆ? ಗಂಡನಿಗೆ. ಬಾಯಿ ಬಿಟ್ಟು ಹೇಳಲು ಆಗದ್ದನ್ನು ಬೇರೆ ಯಾರೋ ಬರೆದ ಅಕ್ಷರದಲ್ಲಿ ಹೇಳುವುದು. ಅವನು ಸಿಟ್ಟಾದರೆ "ಅಯ್ಯೋ ಸುಮ್ನೆ ಕಳಿಸ್ದೆ, ತಮಾಷೆಗೆ" ಅಂತ ಜಾರಿಕೊಳ್ಳಬಹುದು. ಸಿಟ್ಟಾಗದಿದ್ದರೆ ಒಂದು ಲೋಟ ಚಹಾ ಸಿಕ್ಕರೂ ಸಿಕ್ಕೀತು. ಅದೇ ಇಎಂಐ ಪೋಸ್ಟ್ ಕಳಿಸಿದರೆ? ಆ ರಾತ್ರಿ ಇಬ್ಬರೂ ಪಾಸ್‌ಬುಕ್ ಇಟ್ಟುಕೊಂಡು ಕೂರಬೇಕು. ಯಾರಿಗೆ ಬೇಕು ಹೇಳಿ.

ಇನ್ನು ಜಗಳ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್ ಬದಲಾಯಿಸಿತು (ಇನ್‌ಸ್ಟಾಗ್ರಾಮೂ ಅದೇ ಕಂಪನಿಯದು). ಮಾತುಕತೆ ಹುಟ್ಟಿಸುವ ಪೋಸ್ಟಿಗೆ ಮುಂದಿನ ಸಾಲಲ್ಲಿ ಜಾಗ ಅಂದಿತು. ಕೇಳಲು ಚೆಂದ, ಆದರೆ ಮೆಷೀನಿಗೆ ಜಗಳವೂ ಮಾತುಕತೆಯೇ ಅಲ್ವಾ? ಅದಕ್ಕೂ ಮುಂಚೆ 2017ರಿಂದಲೇ ಸಿಟ್ಟಿನ ಮುಖದ ಎಮೋಜಿಗೆ ಲೈಕಿನ ಐದು ಪಟ್ಟು ಅಂಕ ಕೊಡುತ್ತಿದ್ದರು. ಅದನ್ನು ಸೊನ್ನೆಗೆ ಇಳಿಸಿದ್ದು 2020ರಲ್ಲಿ. ಕಂಪನಿಯ ಒಳಗಿನ ಕಾಗದಗಳು 2021ರಲ್ಲಿ ಹೊರಬಿದ್ದಾಗ ಇದೆಲ್ಲ ಊರಿಗೆ ಗೊತ್ತಾಯಿತು. ಹಾಗಾಗಿ ನಿಮ್ಮ ಕಾಮೆಂಟಿನಲ್ಲಿ ನೇತಾಡಿಕೊಂಡು ಬಂದ ಆ ಗಂಡಸರಿಗೆ ಒಂದು ಥ್ಯಾಂಕ್ಸ್ ಹೇಳಿ. ಪೋಸ್ಟನ್ನು ಮೇಲೆ ತಳ್ಳಿದವರಲ್ಲಿ ಅವರೂ ಇದ್ದಾರೆ.

ಸುಮ್ನೆ_ಓದೋನು:

ಮೇಲಿನವರು ಹೇಳಿದ್ದು ಸರಿ, ಆದರೆ ಭಾಷೆಯನ್ನು ಬಿಟ್ಟುಬಿಟ್ಟರು. "ಕಾಯುತ್ತಿರುತ್ತದೆ" ಅನ್ನುವ ಒಂದೇ ಪದ ಮೊದಲನೇ ಸಾಲಲ್ಲಿ ಬಿಸಿಯಾಗುವುದು, ಎರಡನೇ ಸಾಲಲ್ಲಿ ದಾರಿ ನೋಡುವುದು. ಇದೇ ಮಾತನ್ನು ಮರಾಠಿಯಲ್ಲಿ ಬರೆದಿದ್ದರೆ ಈ ಮಜಾ ಬರುತ್ತಿರಲಿಲ್ಲ. ನಮ್ಮ ಗಾದೆಗಳು ಬದುಕಿದ್ದೂ ಹೀಗೇ. "ಹೆಣ್ಣಿಗೆ ಹಠ ಇರಬಾರದು, ಗಂಡಿಗೆ ಚಟ ಇರಬಾರದು." ಹಠಕ್ಕೆ ಚಟ ಪ್ರಾಸ ಕೂತಿತು, ಮಾತು ನಿಜವೇ ಆಗಿಹೋಯಿತು. ಗಂಡಿಗೆ ಹಠ ಇದ್ದರೆ ಪರವಾಗಿಲ್ವಾ ಅಂತ ಯಾರೂ ಕೇಳಲಿಲ್ಲ. ಪ್ರಾಸ ಇದ್ದರೆ ಜನ ಮಾತನ್ನು ಹೆಚ್ಚು ನಂಬುತ್ತಾರೆ ಅಂತ 2000ದಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಪರೀಕ್ಷೆ ಮಾಡಿಯೂ ತೋರಿಸಿದ್ದಾರೆ.

ಇನ್ನೊಂದು ಮಾತು. ನಿಮ್ಮ ಸಾಲಲ್ಲಿ ಅಳು ಇಲ್ಲ, ಉರಿ ಇದೆ. 2012ರಲ್ಲಿ ಜೋನಾ ಬರ್ಗರ್ ಮತ್ತು ಕ್ಯಾಥರಿನ್ ಮಿಲ್ಕ್‌ಮನ್ ಪ್ರಕಟಿಸಿದ ಒಂದು ಅಧ್ಯಯನ ಇದೆ. ನ್ಯೂಯಾರ್ಕ್ ಟೈಮ್ಸಿನ ಸುಮಾರು 7,000 ಬರಹಗಳಲ್ಲಿ ಜನ ಯಾವುದನ್ನು ಜಾಸ್ತಿ ಇಮೇಲ್ ಮಾಡಿದರು ಅಂತ ನೋಡಿದರು. ಬೆರಗು, ಸಿಟ್ಟು, ಆತಂಕ ಹುಟ್ಟಿಸಿದ್ದು ಹೆಚ್ಚು ಹಂಚಿಕೆಯಾಯಿತು, ಬರೀ ದುಃಖದ್ದು ಕಮ್ಮಿ. ನೀವು "ಅವಳು ಪಾಪ ಸುಸ್ತಾಗಿ ಬಂದಳು" ಅಂತ ಬರೆದಿದ್ದರೆ ನಾಲ್ಕು ಜನ ಕೈಮುಗಿದ ಎಮೋಜಿ ಹಾಕಿ ಮುಂದೆ ಹೋಗುತ್ತಿದ್ದರು.

ಮಾಟುಂಗಾ_ಮಾಣಿ:

ತಂಗೀ, ನಾನು ಕುಂದಾಪುರ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದವನು. ಹಗಲು ಹೋಟೆಲು, ರಾತ್ರಿ ಮುಂಬೈಯ ಫೋರ್ಟ್ ಕಡೆ ಕನ್ನಡ ರಾತ್ರಿ ಶಾಲೆ. ಹೋಟೆಲಿನ ಮಾಳಿಗೆಯಲ್ಲಿ ಹನ್ನೆರಡು ಜನ ಮಲಗುತ್ತಿದ್ದೆವು. ಊರಿನಿಂದ ಯಾರಾದರೂ ಬಂದರೆ ಹಳೆಯ ವಾರಪತ್ರಿಕೆಗಳ ಕಟ್ಟು ಬರುತ್ತಿತ್ತು. ಅದರಲ್ಲಿ ಮೊದಲು ತೆಗೆಯುತ್ತಿದ್ದದ್ದು ಓದುಗರು ಸಂಸಾರದ ಕಷ್ಟ ಬರೆದು ಸಲಹೆ ಕೇಳುವ ಆ ಪ್ರಶ್ನೆ-ಉತ್ತರದ ಪುಟ. ಒಬ್ಬ ಓದುವುದು, ಉಳಿದವರು ಚಾಪೆ ಮೇಲೆ ಮಲಗಿಕೊಂಡು ಕೇಳುವುದು. ಪ್ರಶ್ನೆ ಮುಗಿದ ಕೂಡಲೇ ಓದುವವನು ಪುಟ ಮಡಚಿ ಇಡುತ್ತಿದ್ದ. ಆಮೇಲೆ ಅರ್ಧ ಗಂಟೆ ನಮ್ಮದೇ ತೀರ್ಪು. ಹನ್ನೆರಡು ಜನರಲ್ಲಿ ಹನ್ನೊಂದು ಜನಕ್ಕೆ ಮದುವೆ ಆಗಿರಲಿಲ್ಲ, ಆದರೂ ಎಲ್ಲರೂ ನ್ಯಾಯಾಧೀಶರೇ! ಕೊನೆಗೆ ಅಚ್ಚಾದ ಉತ್ತರ ಓದಿದರೆ ಸಪ್ಪೆ. ಎಷ್ಟೋ ಸಲ ಓದದೆಯೇ ದೀಪ ಆರಿಸಿದ್ದೇವೆ.

ಆಮೇಲೆ ಮುಂಬೈ ಮಿರರ್ ಅನ್ನುವ ಇಂಗ್ಲಿಷ್ ಪತ್ರಿಕೆ ಬಂತು. 2005ರಿಂದ ಅದರಲ್ಲಿ ಡಾ. ಮಹಿಂದರ್ ವತ್ಸ ಬರೆಯುತ್ತಿದ್ದರು, 80 ದಾಟಿದ ಡಾಕ್ಟರು. ಲೈಂಗಿಕ ವಿಷಯದಲ್ಲಿ ಜನ ಬೇರೆ ಯಾರ ಹತ್ತಿರವೂ ಕೇಳಲು ಆಗದ್ದನ್ನು ಅವರಿಗೆ ಬರೆಯುತ್ತಿದ್ದರು, ಇವರು ಎರಡೇ ಸಾಲಲ್ಲಿ, ಒಂಚೂರು ಕುಟುಕಿ, ಸರಿಯಾದ್ದನ್ನೇ ಹೇಳುತ್ತಿದ್ದರು. ನಮ್ಮ ಗಿರಾಕಿಗಳು ಷೇರು ಪುಟಕ್ಕಿಂತ ಮೊದಲು ಅದನ್ನು ತೆರೆಯುತ್ತಿದ್ದರು, ಮೇಲೆ ಇಡ್ಲಿ ತಟ್ಟೆ ಅಡ್ಡ ಇಟ್ಟುಕೊಂಡು. 2020ರ ಡಿಸೆಂಬರಿನಲ್ಲಿ ತೀರಿಕೊಂಡರು, 96 ವಯಸ್ಸು.

ನಾನು ಕಂಡದ್ದು ಇಷ್ಟೇ. ಬೇರೆಯವರ ಮನೆ ಪಂಚಾಯ್ತಿಕೆ ಮಾಡುವುದರಲ್ಲಿ ಒಂದು ರುಚಿ ಇದೆ. ಎಲ್ಲರ ಮನೆ ದೋಸೆಯೂ ತೂತು ಅಂತ ಗೊತ್ತಾದಾಗ ಒಂದು ಸಮಾಧಾನವೂ ಇದೆ. ದೋಸೆ ವಿಷಯ ನನಗೆ ಹೇಳಿಕೊಡಬೇಡಿ, 50 ವರ್ಷ ಹಾಕಿದ್ದೇನೆ.

ಕೋಥ್ರೂಡ್_ಸೊಸೆ:

ಎಲ್ಲರೂ ಮಜಾ ತಗೊಂಡಿರಿ, ನಾನು ಸ್ವಲ್ಪ ಕಹಿ ಹೇಳುತ್ತೇನೆ. ಎರಡು ವರ್ಷದ ಹಿಂದೆ ನನ್ನ ಗಂಡ ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. ಬರುವುದು, ಊಟ, ಫೋನು, ನಿದ್ದೆ. ನನ್ನ ಅಕ್ಕ ದಿನಕ್ಕೆ ಮೂರು ಪೋಸ್ಟ್ ಕಳಿಸುತ್ತಿದ್ದಳು. "ಅವನ ಮೌನ ನಿನಗೆ ಕೊಡುವ ಶಿಕ್ಷೆ", "ಬೇಕು ಅನ್ನುವವನು ಮಾತಾಡುತ್ತಾನೆ." ಓದುತ್ತಾ ಓದುತ್ತಾ ನನಗೂ ಹೌದು ಅನ್ನಿಸಿತು. ನಾನೂ ಮಾತು ಬಿಟ್ಟೆ. ಹನ್ನೊಂದು ದಿನ. ಹನ್ನೆರಡನೇ ದಿನ ಬಟ್ಟೆ ಒಗೆಯಲು ಹಾಕುವಾಗ ಪ್ಯಾಂಟಿನ ಜೇಬಲ್ಲಿ ಮಡಚಿದ ಕಾಗದ ಸಿಕ್ಕಿತು. ಕಂಪನಿಯಿಂದ ತೆಗೆದು ಒಂದು ತಿಂಗಳಾಗಿತ್ತು. ದಿನಾ ಡಬ್ಬಿ ಕಟ್ಟಿಕೊಂಡು ಹೊರಟು ಎಲ್ಲೋ ಗ್ರಂಥಾಲಯದಲ್ಲಿ ಕೂತು ಬರುತ್ತಿದ್ದರಂತೆ. ನಾನು ಬೆಳಗ್ಗೆ ಐದೂವರೆಗೆ ಎದ್ದು ಆ ಡಬ್ಬಿ ಕಟ್ಟುತ್ತಿದ್ದೆ, ಮಾತಾಡದೆ.

ಯಾರೋ ಬರೆದದ್ದು ನಮ್ಮದೇ ಕಥೆ ಅನ್ನಿಸುವುದು ಹೊಸತಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಸೈಕಾಲಜಿ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ "ಇದು ನಿನ್ನ ಸ್ವಭಾವ" ಅಂತ ಒಬ್ಬೊಬ್ಬರಿಗೆ ಒಂದು ಚೀಟಿ ಕೊಟ್ಟರು. ಎಷ್ಟು ಸರಿ ಇದೆ ಅಂತ ಅಂಕ ಹಾಕಿ ಅಂದರೆ ಸರಾಸರಿ 5ಕ್ಕೆ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ, ಹೆಚ್ಚಿನದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ನಿಮ್ಮ ಸಾಲಲ್ಲಿ ಹೆಸರಿಲ್ಲ, ಊರಿಲ್ಲ. ಬರೀ "ಅವನು", "ಅವಳು". ಆ ಖಾಲಿ ಜಾಗದಲ್ಲಿ ಎಲ್ಲರೂ ತಮ್ಮ ಗಂಡನನ್ನು ತಂದು ಕೂರಿಸುತ್ತಾರೆ. ಇಎಂಐ ಪೋಸ್ಟಿನಲ್ಲಿ ಹತ್ತು ಸ್ಲೈಡ್ ತುಂಬಾ ವಿವರ. ಅಲ್ಲಿ ಕೂರಲು ಜಾಗ ಎಲ್ಲಿದೆ? ಓಡಲಿ ಅಂತ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ "ಬಿಡಲಾ" ಅಂದವರಿಗೆ ಇನ್ನೊಂದು ಸಾಲು ಕಳಿಸಬೇಡಿ.

ವಾಸ್ಕೋ_ಬಂದರು:

ಅಕ್ಕಾ, ನಿಮಗೆ ಆದದ್ದು ಕೇಳಿ ಬೇಜಾರಾಯಿತು. ಆದರೆ ನಮ್ಮ ಮನೆಯಲ್ಲಿ ಇದರ ಉಲ್ಟಾ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ತಂಗಿ ಇಲ್ಲೇ ಗೋವಾದಲ್ಲಿ ಕೆಲಸ ಮಾಡುತ್ತಾಳೆ. ಸಂಬಳ ಬಂದ ದಿನ ಎಟಿಎಂ ಕಾರ್ಡ್ ಗಂಡನ ಕೈಗೆ. ಬಸ್ಸಿಗೂ ಅವನನ್ನೇ ಕೇಳಬೇಕು. ಹೊಡೆಯುವುದಿಲ್ಲವಲ್ಲ, ಮತ್ತೇನು ತೊಂದರೆ ಅಂತ ಅವಳೇ ಹೇಳುತ್ತಿದ್ದಳು, ನಾವೂ ತಲೆ ಆಡಿಸುತ್ತಿದ್ದೆವು. ಒಂದು ದಿನ ಯಾವುದೋ ರೀಲಿನಲ್ಲಿ "ನಿನ್ನ ದುಡಿಮೆ ನಿನ್ನ ಕೈಗೆ ಬರದಿದ್ದರೆ ಅದೂ ಹಿಂಸೆಯೇ" ಅಂತ ನೋಡಿದಳಂತೆ. ವಿಚಾರಿಸಿದರೆ ನಿಜ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಆರ್ಥಿಕ ಹಿಂಸೆ ಅಂತ ಬೇರೆಯಾಗಿಯೇ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಓದಿಕೊಂಡವರು ಐದು ಜನ ಇದ್ದೇವೆ, ಒಬ್ಬರಿಗೂ ಗೊತ್ತಿರಲಿಲ್ಲ.

ಅದಕ್ಕೇ ಹೇಳುವುದು, ಎರಡು ಸಾಲು ಇರಲಿ. ಕೆಳಗೆ ಕ್ಯಾಪ್ಷನಿನಲ್ಲಿ ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಇಷ್ಟು ಹಾಕಿಬಿಡಿ. ಬೇಕಾದವರು ನೋಡುತ್ತಾರೆ.

ಡೊಂಬಿವಲಿ_ಫಾಸ್ಟ್:

ಎಲ್ಲವನ್ನೂ ಎರಡು ಸಲ ಓದಿದೆ. ನಂಬರ್ ಎರಡೂ ಈಗಲೇ ಹಾಕಿದೆ. ಕೋಥ್ರೂಡ್ ಅಕ್ಕಾ, ನಿಮ್ಮ ಡಬ್ಬಿಯ ಮಾತು ತಲೆಯಿಂದ ಹೋಗುತ್ತಿಲ್ಲ. "ಬಿಡಲಾ" ಅಂದವರಲ್ಲಿ ಒಬ್ಬರಿಗೆ ಉತ್ತರ ಕೊಡದೆ "ಇವತ್ತು ಏನಾಯ್ತು ಹೇಳಿ" ಅಂತ ಮಾತ್ರ ಕೇಳಿದೆ. ಒಂದು ಗಂಟೆ ಬಿಟ್ಟು ಆರು ಉದ್ದುದ್ದ ಮೆಸೇಜ್ ಬಂತು. ಅದರಲ್ಲಿ ಗಂಡನ ವಿಷಯ ಅರ್ಧವೂ ಇಲ್ಲ. ಬಾಡಿಗೆ ಮನೆ, ಡೆಪಾಸಿಟ್, ಮಗುವಿನ ಶಾಲೆ ಫೀಸು. ಇಎಂಐ ಪೋಸ್ಟನ್ನೇ ಕಳಿಸಿದೆ, 341ನೇ ಓದುಗರು.

ಇನ್ನೊಂದು. ಅತ್ತೆ ಆ ಸ್ಕ್ರೀನ್‌ಶಾಟ್ ಹಾಕಿದ್ದು ನನಗೆ ಚುಚ್ಚಲು ಅಂತ ಒಂದು ವಾರ ಒಳಗೊಳಗೇ ಕುದ್ದಿದ್ದೆ. ನಿನ್ನೆ ರಾತ್ರಿ ಚಪಾತಿ ಲಟ್ಟಿಸುವಾಗ ಅವರೇ ಶುರು ಮಾಡಿದರು. "ಆ ಹಳದಿ ಫೋಟೋ ನೋಡಿದ್ಯಾ? ಯಾರೋ ಪುಣ್ಯಾತ್ಮಳು ಸರಿಯಾಗಿ ಬರೆದಿದ್ದಾಳೆ. ನಮ್ಮ ಕಾಲದಲ್ಲಿ ಗ್ಯಾಸೂ ಇರ್ಲಿಲ್ಲ. ಕಲ್ಯಾಣದಿಂದ ಕೆಲಸ ಮುಗಿಸಿ ಬಂದು ಸೀರೆ ಬದಲಾಯಿಸೋಕೂ ಪುರುಸೊತ್ತಿಲ್ದೆ ಸೀಮೆಎಣ್ಣೆ ಸ್ಟೋವಿಗೆ ಪಂಪ್ ಹೊಡೀಬೇಕಿತ್ತು. ನಿಮ್ಮ ಮಾವ ಓದ್ಲಿ ಅಂತಾನೇ ಗ್ರೂಪಿಗೆ ಹಾಕ್ದೆ. ಅವರು ಗುಡ್ ಮಾರ್ನಿಂಗ್ ಅಂತ ಹೂವಿನ ಫೋಟೋ ಹಾಕಿದ್ರು."

ಬರೆದದ್ದು ನಾನು ಅಂತ ಇನ್ನೂ ಹೇಳಿಲ್ಲ.

ಮಾಟುಂಗಾ_ಮಾಣಿ:

ಹೇಳಬೇಡ ತಂಗೀ. ಈಗಲೇ ಬೇಡ. ಮಾವನಿಗೆ ಮೊದಲು ಚಹಾ ಮಾಡಲು ಕಲಿಸಿ. ಹಾಲು ಉಕ್ಕುವಾಗ ಹತ್ತಿರ ನಿಲ್ಲಲು ಹೇಳಿ, ಗಂಡಸರು ಅಲ್ಲೇ ಫೋನ್ ನೋಡಲು ಹೋಗುವುದು.