ಟ್ಯೂಬ್ ಲೈಟ್ ‘ಮಿನುಗುತ್ತದೆ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಟ್ಯೂಬ್ ಲೈಟ್ ರಿಪೇರಿ ಮಾಡಿಕೊಳ್ಳುವವರಿಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಚೋಕ್ (ಟ್ಯೂಬಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಭಾಗ), ಸ್ಟಾರ್ಟರ್ (ಟ್ಯೂಬ್ ಹತ್ತಿಸುವ ಪುಟ್ಟ ಡಬ್ಬಿ) ಇರುವ ಹಳೇ ನಾಲ್ಕಡಿ ಟ್ಯೂಬ್ ಇದೆಯಲ್ಲ, ಅದರ ಬಗ್ಗೆ. ಎಲ್‌ಇಡಿ ಬಂದ ಮೇಲೂ ಎಷ್ಟೋ ಅಡುಗೆಮನೆ, ಕೊಟ್ಟಿಗೆಗಳಲ್ಲಿ ಅದೇ ಉರಿಯುತ್ತಿದೆ. ಭಾಗಗಳ ಹೆಸರಿಗೆ ನಾನು ತಲೆ ಕೆಡಿಸಿಕೊಂಡಿಲ್ಲ. ಅಂಗಡಿಯಲ್ಲಿ ಏನು ಕೇಳುತ್ತೇವೋ ಅದನ್ನೇ ಬರೆದಿದ್ದೇನೆ. ನನ್ನ ತೊಡಕು ಇರುವುದು ಕ್ರಿಯಾಪದಗಳಲ್ಲಿ.

‘ದೀಪ ಮಿನುಗುತ್ತಿದ್ದರೆ ಸ್ಟಾರ್ಟರ್ ಬದಲಿಸಿ’ ಎಂಬ ಸಲಹೆ ನೀವೂ ಓದಿರುತ್ತೀರಿ. ಆದರೆ ಮಿನುಗುವುದು ನಕ್ಷತ್ರ, ಮೂಗುತಿಯ ಹರಳು. ಅದನ್ನು ರಿಪೇರಿ ಮಾಡಿ ಎಂದು ಯಾರೂ ಹೇಳುವುದಿಲ್ಲ. ಅದು ಹೋಗಲಿ ಅಂದರೂ, ಈ ಒಂದು ಪದದೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆ ತುರುಕಿದ್ದೇವೆ. ಪ್ರತಿಯೊಂದಕ್ಕೂ ಮದ್ದು ಬೇರೆ.

ಮೊದಲನೆಯದು, ಪಕ್ ಪಕ್ ಅಂತ ಹತ್ತಿ ಆರಿ, ಮತ್ತೆ ಹತ್ತಿ ಆರುವುದು. ಇದು ಯಾಕೆ ಅಂತ ತಿಳಿದರೆ ಪದ ಹುಡುಕುವುದು ಸುಲಭ. ಸ್ಟಾರ್ಟರ್ ಒಳಗೆ ಒಂದು ಸಣ್ಣ ಗಾಜಿನ ಬುರುಡೆ. ಅದರಲ್ಲಿ ಅನಿಲ, ಜೊತೆಗೆ ಎರಡು ಲೋಹ ಬೆಸೆದ ಒಂದು ಪಟ್ಟಿ. ಸ್ವಿಚ್ ಹಾಕಿದಾಗ ಅನಿಲ ಹೊಳೆದು ಪಟ್ಟಿ ಬಿಸಿಯಾಗುತ್ತದೆ, ಬಾಗಿ ಎದುರಿನ ಕಡ್ಡಿಗೆ ತಾಗುತ್ತದೆ. ಆಗ ಟ್ಯೂಬಿನ ಎರಡೂ ತುದಿಯ ತಂತಿಗಳಲ್ಲಿ ಕರೆಂಟ್ ಹರಿದು ಅವು ಕಾಯುತ್ತವೆ. ಪಟ್ಟಿ ತಣ್ಣಗಾಗಿ ಬಿಟ್ಟುಕೊಂಡ ಕ್ಷಣ ಚೋಕ್ ಜೋರಾಗಿ ಒಂದು ವೋಲ್ಟೇಜ್ ಏಟು ಕೊಡುತ್ತದೆ. ಟ್ಯೂಬ್ ಹತ್ತುತ್ತದೆ. ಹತ್ತದೇ ಹೋದರೆ ಇಡೀ ಆಟ ಮೊದಲಿನಿಂದ. ಟ್ಯೂಬಿಗೆ ವಯಸ್ಸಾಗಿರಬಹುದು, ಸ್ಟಾರ್ಟರ್ ಸೋತಿರಬಹುದು, ಅಥವಾ ಸಂಜೆ ವೋಲ್ಟೇಜ್ ಕುಸಿದಿರಬಹುದು. ಇದಕ್ಕೆ ‘ಮಿಟುಕುತ್ತದೆ’ ಎಂದು ಬರೆದಿದ್ದೇನೆ, ಕಣ್ಣು ಮಿಟುಕಿಸಿದ ಹಾಗೆ. ‘ಪಿಳಿಪಿಳಿ’ ಕೂಡ ಸರಿಯೇ, ಆದರೆ ಕೈಪಿಡಿಗೆ ಸ್ವಲ್ಪ ಮುದ್ದಾಯಿತು.

ಎರಡನೆಯದು ಅದುರುವುದು. ನಮ್ಮದು 50 ಹರ್ಟ್ಸ್ ಕರೆಂಟ್. ತಾಮ್ರದ ತಂತಿ ಸುತ್ತಿದ ಹಳೇ ಕಾಪರ್ ಚೋಕ್ ಇದ್ದರೆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸಾಮಾನ್ಯವಾಗಿ ಕಣ್ಣಿಗೆ ಗೊತ್ತಾಗುವುದಿಲ್ಲ, ತಿರುಗುವ ಫ್ಯಾನಿನ ರೆಕ್ಕೆ ನೋಡಿದರೆ ಕೆಲವೊಮ್ಮೆ ಸುಳಿವು ಸಿಗುತ್ತದೆ. ಇದು ಕೆಟ್ಟಿದ್ದಲ್ಲ, ಅದರ ಗುಣವೇ ಹಾಗೆ. ಎಲೆಕ್ಟ್ರಾನಿಕ್ ಚೋಕ್ ಹಾಕಿದರೆ ಅದುರುವುದೂ ನಿಲ್ಲುತ್ತದೆ, ಸ್ಟಾರ್ಟರೂ ಬೇಕಾಗಿಲ್ಲ.

ಮೂರನೆಯದು ಚೆಂದ. ಕೊಳವೆಯೊಳಗೆ ಬೆಳಕು ಹಾವಿನಂತೆ ಸುತ್ತುತ್ತಾ ಓಡುತ್ತದೆ. ಹೊಸ ಟ್ಯೂಬಿನಲ್ಲಿ ಜಾಸ್ತಿ. ಸ್ವಲ್ಪ ಹೊತ್ತು ಉರಿಯಲು ಬಿಟ್ಟರೆ ಎಷ್ಟೋ ಸಲ ತಾನೇ ಸರಿಹೋಗುತ್ತದೆ. ‘ಹೊಯ್ದಾಡುತ್ತದೆ’ ಅನ್ನೋಣ ಅಂದರೆ ಅದು ಗಾಳಿಗೆ ಸಿಕ್ಕ ಎಣ್ಣೆ ದೀಪದ ಪದ. ‘ಹೊರಳುತ್ತದೆ’ ಎಂದು ಹಾಕಿದ್ದೇನೆ, ಪೂರ್ತಿ ಒಪ್ಪಿಗೆಯಾಗಿಲ್ಲ.

ನಾಲ್ಕನೆಯದು ತುದಿ ಎರಡೂ ಕೆಂಪಗೆ, ನಡು ಕತ್ತಲು. ಸ್ಟಾರ್ಟರಿನ ಕಡ್ಡಿಗಳು ಅಂಟಿಕೊಂಡಿರುತ್ತವೆ, ಇಲ್ಲವೇ ಅದರಲ್ಲಿರುವ ಪುಟ್ಟ ಕೆಪಾಸಿಟರ್ ಶಾರ್ಟ್ ಆಗಿರುತ್ತದೆ. ಸ್ಟಾರ್ಟರನ್ನು ಬಿಚ್ಚಿ ತೆಗೆದ ತಕ್ಷಣ ಟ್ಯೂಬ್ ಹತ್ತಿಕೊಂಡರೆ ಕಳ್ಳ ಸ್ಟಾರ್ಟರೇ. ಈ ಸ್ಥಿತಿಗೆ ನನ್ನ ಹತ್ತಿರ ಒಂದೇ ಪದ ಇಲ್ಲ. ‘ಮಿಣುಕು’ ಅಂದರೆ ಮಂದ ಬೆಳಕು ಮಾತ್ರ, ಕೆಂಪು ಅಲ್ಲ.

ಕನ್ನಡ ಇಲ್ಲಿ ಒಂದು ಕಡೆ ತುಂಬಾ ಚುರುಕಾಗಿದೆ. ಒಲೆ ಹತ್ತುವುದು ಬೇರೆ, ಉರಿಯುವುದು ಬೇರೆ. ಟ್ಯೂಬಿನ ಗುಟ್ಟೂ ಅಷ್ಟೇ. ಸ್ಟಾರ್ಟರ್ ಬೇಕಾಗಿರುವುದು ಹತ್ತುವ ತನಕ. ಉರಿಯತೊಡಗಿದ ಮೇಲೆ ಅದನ್ನು ತೆಗೆದರೂ ಬೆಳಕು ಹೋಗುವುದಿಲ್ಲ. ಚೋಕ್ ಮಾತ್ರ ಕೊನೆಯವರೆಗೂ ಬೇಕು. ಅದಿಲ್ಲದಿದ್ದರೆ ಕರೆಂಟ್ ಏರುತ್ತಲೇ ಹೋಗಿ ಟ್ಯೂಬ್ ಸುಟ್ಟುಹೋಗುತ್ತದೆ. ಹಾಗಾಗಿ ‘ಹತ್ತುತ್ತಿಲ್ಲ’, ‘ಹತ್ತಿ ನಿಲ್ಲುತ್ತಿಲ್ಲ’, ‘ಉರಿಯುತ್ತಿದೆ ಆದರೆ ಮಂಕು’ ಎಂದು ಬೇರೆ ಬೇರೆ ಬರೆದರೆ ಅರ್ಧ ಪತ್ತೆ ಆದ ಹಾಗೆ. ತಡವಾಗಿ ಅರ್ಥವಾಗುವವನನ್ನು ‘ಟ್ಯೂಬ್ ಲೈಟ್’ ಅಂತ ಕಾಲೆಳೆಯುವವರಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು!

ಚೋಕ್‌ಗೆ ಕನ್ನಡ ಬೇಡವೇ ಎಂದು ಒಬ್ಬರು ಕೇಳಿದರು. ‘ನಿರೋಧಕ’ ಅಂದರೆ ತಪ್ಪು ದಾರಿ, ಅದು ಬೇರೆಯೇ ಬಿಡಿಭಾಗ. ಇನ್ನೊಂದು ಇಂಗ್ಲಿಷ್ ಹೆಸರು ಬ್ಯಾಲಸ್ಟ್. ಅದು ಹಡಗು ಓಲಾಡದಂತೆ ತಳಕ್ಕೆ ತುಂಬುವ ಭಾರ, ರೈಲು ಹಳಿಯ ಜಲ್ಲಿಗೂ ಅದೇ ಹೆಸರು. ಅದನ್ನು ಕನ್ನಡಕ್ಕೆ ತಿರುಗಿಸಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಚೋಕ್ ಚೋಕಾಗಿಯೇ ಇರಲಿ.

ನಿಜವಾಗಿ ಭಯ ಇರುವುದು ‘ತೆಗೆ’ ಎಂಬ ಪದದ ಬಗ್ಗೆ. ಕೆಲವು ಮನೆಗಳಲ್ಲಿ ‘ಲೈಟ್ ತೆಗಿ’ ಅಂದರೆ ಆರಿಸು. ‘ಲೈಟ್ ತೆಗೆದು ಪಿನ್ ನೋಡಿ’ ಎಂದು ಬರೆದರೆ ಓದುವವರು ಸ್ವಿಚ್ ಆರಿಸಿ ಪಿನ್‌ಗೆ ಕೈ ಹಾಕಬಹುದು. ವೈರಿಂಗ್‌ನಲ್ಲಿ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ತಂತಿಗೆ ಕೊಡದೆ, ವಾಪಸ್ ಹೋಗುವ ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರೆ, ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಅದಕ್ಕೇ ‘ಮೇನ್ ಆಫ್ ಮಾಡಿ, ಆಮೇಲೆ ಟ್ಯೂಬನ್ನು ತಿರುಗಿಸಿ ಬಿಚ್ಚಿ’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾದರೂ ಪರವಾಗಿಲ್ಲ.

ಈಗ ನಿಮ್ಮನ್ನು ಕೇಳುವುದು ಎರಡು. ತುದಿ ಕೆಂಪಾಗಿ ನಡು ಕತ್ತಲಿರುವುದಕ್ಕೆ ನಿಮ್ಮೂರಿನ ಎಲೆಕ್ಟ್ರಿಷಿಯನ್ ಏನನ್ನುತ್ತಾರೆ? ಇನ್ನು ಲೈಟ್ ಆರಿಸುವುದಕ್ಕೆ ಕಲಬುರಗಿ, ಧಾರವಾಡ, ಮಂಗಳೂರು, ಕೊಡಗಿನ ಕಡೆ ಮನೆಮಾತಲ್ಲಿ ಏನು ಹೇಳುತ್ತೀರಿ? ‘ಬಂದ್ ಮಾಡು’ ಬಿಟ್ಟು ಬೇರೆ ಇದ್ದರೆ ತಿಳಿಸಿ.