ವಲ್ವಾಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಲಂಡನ್ನಿನ ವಜೈನಾ ಮ್ಯೂಸಿಯಂ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಐಸ್‌ಲ್ಯಾಂಡಿನಲ್ಲಿ ಶಿಶ್ನಕ್ಕೊಂದು ಮ್ಯೂಸಿಯಂ ಇದೆ, ಹೆಣ್ಣಿನ ಅಂಗಕ್ಕೆ ಯಾಕಿಲ್ಲ ಅಂತ ಫ್ಲಾರೆನ್ಸ್ ಶೆಕ್ಟರ್ ಎಂಬಾಕೆ 2017ರಲ್ಲಿ ಕೈ ಹಾಕಿದ ಕೆಲಸ ಅದು. 2019ರ ನವೆಂಬರಿನಲ್ಲಿ ಕ್ಯಾಮ್ಡೆನ್ ಮಾರ್ಕೆಟ್ಟಿನಲ್ಲಿ ಬಾಗಿಲು ತೆರೆಯಿತು. ಮೊದಲ ಪ್ರದರ್ಶನವೇ ಜನರ ತಪ್ಪು ನಂಬಿಕೆಗಳ ಮೇಲೆ. ಇಲ್ಲಿವರೆಗೆ ಬರವಣಿಗೆ ಸಲೀಸು. ತೊಡಕು ಬಂದದ್ದು ತೊಳೆಯುವ ಮಾತಿಗೆ.

ಗರ್ಭಕೋಶದ ಬಾಯಿಂದ ಹೊರಗಿನವರೆಗಿನ ಒಳದಾರಿ ವಜೈನಾ. ಹೊರಗೆ ಕಣ್ಣಿಗೆ ಕಾಣುವುದು ವಲ್ವಾ. ಒಳಗಿನದು ತಾನೇ ಚೊಕ್ಕವಾಗಿರುತ್ತದೆ. ಅಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಹುಳಿ ಅಂಶ ಕಾಯ್ದುಕೊಳ್ಳುತ್ತದೆ. ಸೋಪು, ಘಮಘಮ ವಾಶ್ ಒಳಗೆ ಹೋದರೆ ಅದು ಕೆಟ್ಟು ಸೋಂಕಿಗೆ ದಾರಿಯಾಗುತ್ತದೆ. ಹೊರಗಿನದಕ್ಕೆ ಬೆಚ್ಚಗಿನ ನೀರು ಸಾಕು. ಈಗ ಎರಡಕ್ಕೂ ‘ಯೋನಿ’ ಅಂತಲೇ ಬರೆದರೆ ಹೀಗಾಗುತ್ತದೆ: ‘ಯೋನಿಯನ್ನು ತೊಳೆಯಬೇಡಿ. ಯೋನಿಯನ್ನು ನೀರಿನಿಂದ ತೊಳೆಯಿರಿ.’ ಓದಿದವರು ಏನು ಮಾಡಬೇಕು?

ನಿಘಂಟಿನಲ್ಲಿ ‘ಭಗ’ ಇದೆ, ಆದರೆ ಯಾರ ಬಾಯಲ್ಲೂ ಇಲ್ಲ. ‘ಬಾಹ್ಯ ಜನನಾಂಗ’ ಪಠ್ಯಪುಸ್ತಕದ್ದು, ಗಂಡಸರಿಗೂ ಸಲ್ಲುತ್ತದೆ. ‘ಗುಪ್ತಾಂಗ’ ಅಂದರೆ ಪೇಪರಿನ ಕ್ರೈಮ್ ಪುಟ ನೆನಪಾಗುತ್ತದೆ. ಜೊತೆಗೆ ಮುಚ್ಚಿಡು ಅಂತ ಹೆಸರಲ್ಲೇ ಹೇಳಿದ ಹಾಗೆ. ಮನೆಯಲ್ಲಿ ಹೆಂಗಸರು ಅನ್ನುವುದು ‘ಕೆಳಗಡೆ’, ‘ಆ ಜಾಗ’. ಡಾಕ್ಟರ ಹತ್ತಿರ ‘ಕೆಳಗಡೆ ಉರಿ’ ಅಂದರೆ ಉಚ್ಚೆ ಹೊಯ್ಯುವಾಗ ಉರಿಯಾ, ಹೊರಗೆ ಚರ್ಮ ಉರಿಯಾ, ಬಿಳಿ ಸೆರಗು ಹೋಗುತ್ತಾ ಅಂತ ಅವರು ಮತ್ತೆ ಕೇಳಬೇಕು.

ಇಂಗ್ಲಿಷಿನವರೂ ಎರಡನ್ನೂ ಬೆರೆಸುತ್ತಾರೆ, ಬಿಡಿ. ಮ್ಯೂಸಿಯಂ ಹೆಸರಲ್ಲಿರುವುದು ವಜೈನಾ ಮಾತ್ರ, ಒಳಗೆ ವಲ್ವಾದ ಪಾಠವೂ ಉಂಟು. ಅಂದ ಹಾಗೆ ಲ್ಯಾಟಿನ್ನಿನಲ್ಲಿ ವಜೈನಾ ಅಂದರೆ ಕತ್ತಿಯ ಒರೆ! 84 ಲಕ್ಷ ಯೋನಿ ಅನ್ನುವ ನಮಗೆ ಅದು ಹುಟ್ಟಿನ ಜಾಗ. ನಮ್ಮದೇ ವಾಸಿ ಅಲ್ವಾ?

ಸದ್ಯಕ್ಕೆ ಒಳಗಿನದಕ್ಕೆ ‘ಯೋನಿ’ ಇಟ್ಟುಕೊಂಡಿದ್ದೇನೆ. ಹೊರಗಿನದಕ್ಕೆ ‘ಯೋನಿಮುಖ’ ಅಂದರೆ ಬರೀ ಬಾಯಿ ಅಂದುಕೊಳ್ಳುತ್ತಾರೆ. ‘ಯೋನಿತುಟಿ’ ಅಂದರೆ ತುಟಿಗಳಷ್ಟೇ, ಚಂದ್ರನಾಡಿ (ಕ್ಲಿಟೋರಿಸ್) ಹೊರಗುಳಿಯುತ್ತದೆ. ನಿಮ್ಮ ಕಡೆ ಸೂಲಗಿತ್ತಿಯರು, ನರ್ಸಮ್ಮಂದಿರು ಏನನ್ನುತ್ತಾರೆ? ಧಾರವಾಡ, ಮಂಗಳೂರು, ಚಾಮರಾಜನಗರ, ಎಲ್ಲಿಯದಾದರೂ ಸರಿ. ಈಗ ಬೈಗುಳವಾಗಿ ಮಾತ್ರ ಉಳಿದಿರುವ ಪದವಾದರೂ ಸಂಕೋಚ ಬೇಡ, ಅರ್ಥದ ಜೊತೆ ಬರೆಯಿರಿ.