ವಾಟ್ಸಾಪ್‌ನಲ್ಲಿ ಉಪ್ಪಿನಕಾಯಿ ಮಾರೋದು: ಮೊದಲ ಸಾಲು ಹೇಗಿರಬೇಕು?

ಮಿಡಿಮನೆ (ಶಿರಸಿ):
ಎಲ್ಲರಿಗೂ ನಮಸ್ಕಾರ. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಬೆಂಗಳೂರಿಗೆ ಕೊರಿಯರ್ ಮಾಡ್ತೇನೆ. ಅತ್ತೆಯವರ ಕಾಲದ ಗಿರಾಕಿಗಳನ್ನು ಬಿಟ್ಟರೆ ಹೊಸಬರು ಬರ್ತಿಲ್ಲ. ನನ್ನ ಮೆಸೇಜ್ ಶುರುವಾಗೋದು ಹೀಗೆ: “ಉತ್ತಮ ಗುಣಮಟ್ಟದ, ಸಾಂಪ್ರದಾಯಿಕ ಶೈಲಿಯಲ್ಲಿ ತಯಾರಿಸಿದ ರುಚಿಕರ ಉಪ್ಪಿನಕಾಯಿ ದೊರೆಯುತ್ತದೆ.” ಯಾರೂ ಪೂರ್ತಿ ಓದಿದ ಹಾಗೆ ಕಾಣೋದಿಲ್ಲ. ಏನು ಬದಲಿಸಲಿ?

ಅಂಗಡಿಬೀದಿ:
“ಒಳ್ಳೆಯ ಉಪ್ಪಿನಕಾಯಿ ಬೇಕೇ?” ಅಂತ ಕೇಳಿ. ಡಿಸ್ಕೌಂಟ್ ಹಾಕಿ.

ಅಕ್ಷರಕಸುಬು:
ನಾನು 15 ವರ್ಷದಿಂದ ಜಾಹೀರಾತು ಬರೆದೇ ಬದುಕ್ತಿರೋನು, ಮೇಲಿನವರ ಮಾತು ಒಪ್ಪಲಾರೆ. “ಬೇಕೇ?” ಅಂದರೆ “ಬೇಡ” ಅಂದುಕೊಂಡು ಮುಂದೆ ಹೋಗ್ತಾರೆ. ಅಕ್ಕಾ, ಮೆಸೇಜ್ ಬಂದಾಗ ಫೋನಿನ ಪರದೆ ಮೇಲೆ ಕಾಣೋದು ಮೊದಲ ನಾಲ್ಕಾರು ಪದ ಅಷ್ಟೇ. ಅದನ್ನು ನೀವು “ಉತ್ತಮ ಗುಣಮಟ್ಟದ” ಅನ್ನೋದಕ್ಕೆ ಕೊಟ್ಟುಬಿಟ್ಟಿದ್ದೀರಿ. ಪ್ಲಾಸ್ಟಿಕ್ ಬಕೆಟ್ ಮಾರೋನೂ ಅದನ್ನೇ ಬರೀತಾನೆ. ಬರೆಯೋದು ಆಮೇಲೆ, ಮೊದಲು ಹೇಳಿ: ಮಿಡಿ ಎಲ್ಲಿಂದ ಬರುತ್ತೆ? ಆರಿಸೋರು ಯಾರು?

ಮಿಡಿಮನೆ:
ಅಘನಾಶಿನಿ ಹೊಳೆ ದಂಡೆಯ ಮರಗಳು. ಮರ ಹತ್ತಿ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸ್ತಾರೆ. ನೆಲಕ್ಕೆ ಬಿದ್ದದ್ದು ನಮಗೆ ಬೇಡ. ತೊಟ್ಟು ಇರಲೇಬೇಕು, ಇಲ್ಲದಿದ್ದರೆ ಸೊನೆ ಹೋಗಿ ಉಪ್ಪಿನಲ್ಲಿ ಮಿಡಿ ಮೆತ್ತಗಾಗ್ತದೆ. ಅತ್ತೆಯವರು ಪ್ರತಿ ಮರದ್ದೂ ಒಂದೊಂದು ಮಿಡಿ ತಗೊಂಡು, ತೊಟ್ಟು ಮುರಿದು ಮೂಸಿ ನೋಡ್ತಾರೆ. ಪರಿಮಳ ಸರಿಯಿಲ್ಲದಿದ್ದರೆ ಆ ಮರದ್ದೇ ಬೇಡ ಅಂತಾರೆ.

ಅಕ್ಷರಕಸುಬು:
ಇಷ್ಟು ಇಟ್ಟುಕೊಂಡು “ಸಾಂಪ್ರದಾಯಿಕ ಶೈಲಿ” ಅಂತ ಬರೆದಿರಲ್ಲ ಅಕ್ಕಾ! ಹೀಗೆ ಶುರು ಮಾಡಿ: “ತೊಟ್ಟು ಮುರಿದು ಮೂಸಿ ನೋಡದೆ ನಮ್ಮತ್ತೆ ಅಪ್ಪೆಮಿಡಿ ಒಪ್ಪೋದಿಲ್ಲ.” ಅಪ್ಪೆಮಿಡಿ ಗೊತ್ತಿದ್ದೋರಿಗೆ ಓದುವಾಗಲೇ ಸೊನೆ ವಾಸನೆ ಮೂಗಿಗೆ ಬರುತ್ತೆ, ಗೊತ್ತಿಲ್ಲದೋರು ಯಾಕೆ ಮೂಸ್ತಾರೆ ಅಂತ ಮುಂದೆ ಓದ್ತಾರೆ. ಎರಡನೇ ಸಾಲಲ್ಲೇ ತೂಕ, ರೇಟು ಹೇಳಿಬಿಡಿ. “ರೇಟಿಗೆ ಇನ್‌ಬಾಕ್ಸ್ ಮಾಡಿ” ಅಂದರೆ ಅರ್ಧ ಜನ ಅಲ್ಲೇ ಬಿಟ್ಟುಹೋಗ್ತಾರೆ. ಅಪ್ಪೆಮಿಡಿಗೆ ಜಿಐ ಮಾನ್ಯತೆ (ಈ ಭಾಗದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು) ಇರೋದನ್ನು ಕೆಳಗೆ ಹಾಕಿ. ಅದು ನಂಬಿಕೆ ಕೊಡುತ್ತೆ, ಆದರೆ ಬಾಯಲ್ಲಿ ನೀರೂರಿಸೋದಿಲ್ಲ.

ಮಿಡಿಮನೆ:
ನಿಮ್ಮ ಸಾಲನ್ನು ಅತ್ತೆಯವರಿಗೆ ಓದಿ ಹೇಳಿದೆ. “ನನ್ನ ಸುದ್ದಿ ಯಾಕೆ, ವಾಸನೆ ಯಾವುದು ಅಂತ ಬರಿ” ಅಂದರು. ಕೊನೆಗೆ ಬರೆದದ್ದು: “ಜೀರಿಗೆ ಪರಿಮಳ ಬರದ ಅಪ್ಪೆಮಿಡಿ ನಮ್ಮ ಭರಣಿಗೆ ಬೀಳೋದಿಲ್ಲ.”

ಅಕ್ಷರಕಸುಬು:
ನನ್ನದಕ್ಕಿಂತ ಇದೇ ಚೆನ್ನಾಗಿದೆ. ಒಂದೇ ಮಾತು: ಎಲ್ಲಾ ಭರಣಿಗೂ ಇದು ನಿಜವೇ?

ಮಿಡಿಮನೆ:
ಇಲ್ಲ, ಎರಡು ಭರಣಿಯಲ್ಲಿ ಕರ್ಪೂರದ ಪರಿಮಳದ ಮಿಡಿ ಇದೆ. “ನಮ್ಮ ಭರಣಿ” ತೆಗೆದು “ಈ ಭರಣಿ” ಅಂತ ಮಾಡ್ತೇನೆ. ಕರ್ಪೂರದ್ದಕ್ಕೆ ಇವತ್ತು ರಾತ್ರಿ ಬೇರೆ ಸಾಲು ಬರೀತೇನೆ.